ಧೂಳೆಂದು ಅಳಿಸಿದ ಚುಕ್ಕೆಗಳು

ಶನಿ ಗ್ರಹದ ಚಿತ್ರ ನಮ್ಮ ದಿನಪತ್ರಿಕೆಯಲ್ಲಿ ಮೊದಲ ಸಲ ಬಂದಾಗ ಅದು ಹಂಚಿನ ಮೇಲೆ ಮರೆತುಬಿಟ್ಟ ರೊಟ್ಟಿಯ ಹಾಗಿತ್ತು. ನಡುವೆ ಕಪ್ಪು, ಸುತ್ತ ಮಸುಕು, ಪಕ್ಕದಲ್ಲಿ ಬಿತ್ತನೆ ಬೀಜದ ಜಾಹೀರಾತು. ಆಗ ನಾನು ಇಳಕಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪುಟವನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಹರಡಿ, ಇದು ಕೋಟಿ ಕೋಟಿ ಮೈಲಿ ಆಚೆಯಿಂದ ಒಂದು ಕ್ಯಾಮೆರಾ ಕಳಿಸಿದ್ದು ಎಂದು ಎಲ್ಲರಿಗೂ ತೋರಿಸಿದೆ. ಹಿರಿಯ ಶಿಕ್ಷಕಿಯೊಬ್ಬರು ಕನ್ನಡಕ ಏರಿಸಿ ನೋಡಿ, "ಶನಿ ಫೋಟೋ ಹಿಂಗ ಮಂದಿ ನಡುವ ಹರವಬಾರದ್ರೀ ಅಕ್ಕಾರ, ಮಡಚಿ ಇಡ್ರಿ" ಅಂದರು. ಮಡಚಿ ಇಟ್ಟೆ. ಏನೇ ಉತ್ಸಾಹ ಬಂದರೂ ಮಡಚಿ ಇಡುವುದು ನನಗೆ ಹುಟ್ಟಿನಿಂದ ರೂಢಿಯಾಗಿತ್ತು.

ಆದರೆ ನಾನು ಫೋಟೋಗ್ರಾಫರನ ಮಗಳು. ಕೆಟ್ಟ ಫೋಟೋ ಯಾವುದು, ಒಳ್ಳೆಯ ಫೋಟೋವನ್ನು ಕೆಟ್ಟದಾಗಿ ಅಚ್ಚು ಹಾಕಿದ್ದು ಯಾವುದು ಎಂಬುದು ನನಗೆ ಗೊತ್ತಾಗುತ್ತದೆ. ಆ ರೊಟ್ಟಿಯ ಹಿಂದೆ ಒಂದು ಒಳ್ಳೆಯ ಫೋಟೋ ಇತ್ತು.

ನಮ್ಮಪ್ಪನ ಸ್ಟುಡಿಯೋ ಬಾಗಲಕೋಟೆಯ ಹಳೇ ಪೇಟೆಯ ಒಂದು ಓಣಿಯಲ್ಲಿತ್ತು. ಆ ಓಣಿ ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ಅದಕ್ಕಾಗಿ ನಾನು ಕಣ್ಣೀರು ಹಾಕಿದವಳಲ್ಲ. ಮುಂದಿನ ಕೋಣೆ ಅಪ್ಪನದು: ಕೆರೆ, ಹಂಸ, ಮೆಟ್ಟಿಲು ಬರೆದ ಪರದೆ, ಎರಡು ದೀಪ, ಮೂರು ಕಾಲಿನ ಮೇಲೆ ಕ್ಯಾಮೆರಾ. ನಡುವೆ ಒಂದು ಪರದೆ. ಅದರ ಹಿಂದೆ ಒಂದೇ ಕಿಟಕಿಯ ಸಣ್ಣ ಕೋಣೆ, ಅಲ್ಲಿ ಅವ್ವ. ಓರೆಯಾದ ಗಾಜಿನ ಮೇಜು, ಕೆಳಗೆ ಕಿಟಕಿಯ ಬೆಳಕನ್ನು ಮೇಲಕ್ಕೆ ಎತ್ತಿಕೊಡುವ ಕನ್ನಡಿ, ಕೈಯಲ್ಲಿ ನಾಲ್ಕೈದು ಕೂದಲಿನ ಕುಂಚ. ಕುಂಚದ ತುದಿಯನ್ನು ತುಟಿಗೆ ತಾಗಿಸಿ ಚೂಪು ಮಾಡಿಕೊಂಡು ಅವ್ವ ನೆಗೆಟಿವ್ ಮೇಲೆ ಬಾಗುತ್ತಿದ್ದಳು. ಆಗ ನಮ್ಮ ಸೀಮೆಯ ಅರ್ಧ ಮುಖಗಳಲ್ಲಿ ಸಿಡುಬಿನ ಕುಣಿಗಳಿದ್ದವು. ಅವ್ವ ಅವನ್ನೆಲ್ಲ ಒಂದೊಂದಾಗಿ ತುಂಬುತ್ತಿದ್ದಳು. ಗಾಜಿನ ಮೇಲೆ ಕೂತ ಧೂಳಿನ ಚುಕ್ಕೆ, ತೊಳೆಯುವಾಗ ಬಿದ್ದ ಗೀರು, ಕಣ್ಣ ಕೆಳಗಿನ ಕಪ್ಪು, ಎಲ್ಲವೂ ಅವಳ ಕೈಯಿಂದ ಮಾಯವಾಗುತ್ತಿದ್ದವು. ಬಂದವರು ಪ್ರಿಂಟು ನೋಡಿ, "ಏನ ಕೈ ಐತ್ರೀ ನಿಮ್ಮದು!" ಎಂದು ಅಪ್ಪನಿಗೆ ಕೈ ಮುಗಿಯುತ್ತಿದ್ದರು. ಅಪ್ಪ ತಲೆ ತೂಗಿ ಒಪ್ಪಿಸಿಕೊಳ್ಳುತ್ತಿದ್ದ.

ಊರ ಮುಖಗಳನ್ನೆಲ್ಲ ತೊಳೆದು ಕಳಿಸಿದ ನಮ್ಮವ್ವನ ಒಂದೇ ಒಂದು ಫೋಟೋ ಇರಲಿಲ್ಲ. ಇದನ್ನು ಹೇಳಿದರೆ ಜನ ನಂಬುವುದಿಲ್ಲ. ಮದುವೆಯಾದಾಗ ಅಪ್ಪನ ಹತ್ತಿರ ಕ್ಯಾಮೆರಾ ಇರಲಿಲ್ಲ, ಅದು ಸರಿ. ಆಮೇಲೆ? "ರೋಲಿನ ಕಡೀಕ ಒಂದು ಉಳದ್ರ ತಗೀತೇನಿ, ತಡಿ" ಎನ್ನುತ್ತಿದ್ದ. ಆ ಉಳಿದ ಒಂದು ಅವಳ ಪಾಲಿಗೆ ಎಂದೂ ಬರಲಿಲ್ಲ. ಕೊನೆಯ ಗಳಿಗೆಯಲ್ಲಿ ಯಾರೋ ಪಾಸ್‌ಪೋರ್ಟ್ ಅಳತೆಯ ಫೋಟೋಕ್ಕೆ ಓಡಿ ಬರುತ್ತಿದ್ದರು. ಒಮ್ಮೆ ಮಾತ್ರ ಖರೇನೇ ಒಂದು ಉಳಿದಿತ್ತು. ಅದನ್ನು ಅಪ್ಪ ಹೊಸ ಲೆನ್ಸಿನ ಪರೀಕ್ಷೆಗೆಂದು ಎದುರಿನ ಕಿರಾಣಿ ಅಂಗಡಿಯ ಬೋರ್ಡಿಗೆ ಖರ್ಚು ಮಾಡಿದ. ಆ ಬೋರ್ಡಿನ ಫೋಟೋ ಇಂದಿಗೂ ನನ್ನ ಹತ್ತಿರ ಇದೆ. ಅಕ್ಷರ ಅಕ್ಷರ ಸ್ಪಷ್ಟವಾಗಿ ಬಂದಿದೆ.

ನೀನೇ ಯಾಕೆ ತೆಗೆಯಲಿಲ್ಲ ಎಂದು ಕೇಳಬೇಡಿ. ಅಪ್ಪನ ಕ್ಯಾಮೆರಾವನ್ನು ಹೆಂಗಸರು ಮುಟ್ಟುವಂತಿರಲಿಲ್ಲ. ಸ್ವಂತದ್ದು ಕೊಳ್ಳುವ ದಿನ ನನಗೆ ಬಂದದ್ದು ತೀರ ತಡವಾಗಿ. ಇಳಕಲ್ಲಿಗೆ ಅವ್ವ ಒಮ್ಮೆ ಬಂದಾಗ ಅಲ್ಲಿಯ ಒಂದು ಸ್ಟುಡಿಯೋಕ್ಕೆ ಕೈ ಹಿಡಿದು ಕರೆದೊಯ್ದಿದ್ದೆ. ಸ್ಟೂಲಿನ ಮೇಲೆ ಕೂತಳು, ಸೆರಗು ಸರಿಮಾಡಿಕೊಂಡಳು, ಆಮೇಲೆ ಎದ್ದುಬಿಟ್ಟಳು. "ಫೋಟೋದವನ ಹೇಣ್ತಿ ಇನ್ನೊಬ್ರ ಕಡೆ ಹೋಗಿ ತಗಿಸ್ಕೊಂಡ್ಲು ಅಂದ್ರ ನಿಮ್ಮಪ್ಪನ ಮರ್ಯಾದಿ ಏನಾಗಬೇಕು? ಬ್ಯಾಡ ನಡಿ" ಅಂದಳು. ಅವನ ಮರ್ಯಾದೆ ಕಾಯುವುದಕ್ಕೇ ಹುಟ್ಟಿದವಳ ಹಾಗೆ ನನ್ನ ಮುಂದೆ ಮುಂದೆ ನಡೆದಳು.

ಶನಿಯ ಮಾತಿಗೆ ಬರುತ್ತೇನೆ. ಮದ್ರಾಸಿನಲ್ಲಿದ್ದ ಒಂದು ವಿದೇಶಿ ಗ್ರಂಥಾಲಯ ಶಾಲೆಗಳಿಗೆ ಸ್ಲೈಡುಗಳನ್ನು ಎರವಲು ಕೊಡುತ್ತದೆ ಎಂದು ಎಲ್ಲೋ ಓದಿ ಒಂದು ಕಾಗದ ಹಾಕಿದೆ. ಉತ್ತರ ಬರುವ ನಂಬಿಕೆ ಇರಲಿಲ್ಲ. ಒಂದು ದಿನ ಪೋಸ್ಟಿನವನು ಒಂದು ಪೆಟ್ಟಿಗೆ ತಂದುಕೊಟ್ಟ. ಗುರು, ಶನಿ, ಅವುಗಳ ಉಪಗ್ರಹಗಳು, ಜೊತೆಗೆ ಒಂದು ಇಂಗ್ಲಿಷ್ ಕಿರುಪುಸ್ತಕ. ಬಾಡಿಗೆ ಕೋಣೆಯ ಕಿಟಕಿಗೆ ಹಿಡಿದು ಒಂದೊಂದೇ ಸ್ಲೈಡು ನೋಡಿದೆ. ಪತ್ರಿಕೆಯ ಸುಟ್ಟ ರೊಟ್ಟಿ ಇಲ್ಲಿ ಜೇನಿನ ಬಣ್ಣದ ಚೆಂಡಾಗಿತ್ತು. ಸುತ್ತಲಿನ ಉಂಗುರ ಒಂದಲ್ಲ, ಹಳೇ ಗ್ರಾಮಫೋನ್ ತಟ್ಟೆಯ ಗೀರುಗಳಂತೆ ಎಣಿಸಲಾರದಷ್ಟು. ನನಗೆ ಅಳು ಬಂತು. ಯಾಕೆ ಬಂತೆಂದು ಈಗ ಕೇಳಿದರೆ ಹೇಳಲಾರೆ.

ಕಿರುಪುಸ್ತಕವನ್ನು ಬಾಯಿಪಾಠವಾಗುವಷ್ಟು ಓದಿದೆ. ಈ ಚಿತ್ರಗಳನ್ನು ತೆಗೆದ ವಾಯೇಜರ್ ನೌಕೆಯ ಕ್ಯಾಮೆರಾದಲ್ಲಿ ಫಿಲ್ಮೇ ಇಲ್ಲ. ಇದ್ದರೆ ತೊಳೆಯುವವರು ಯಾರು? ಅದು ಮನೆಗೆ ಮರಳುವ ನೌಕೆಯೇ ಅಲ್ಲ. ಅದರಲ್ಲಿ ಇರುವುದು ಟೆಲಿವಿಷನ್ ಕೊಳವೆ. ಕ್ಯಾಮೆರಾದ ಬಾಗಿಲು ತೆರೆದ ಕೂಡಲೇ ಬೆಳಕು ಒಳಗಿನ ಒಂದು ಪುಟ್ಟ ತಟ್ಟೆಯ ಮೇಲೆ ಬಿದ್ದು ವಿದ್ಯುತ್ತಿನ ಗುರುತು ಮಾಡುತ್ತದೆ. ಆ ಗುರುತನ್ನು ಎಲೆಕ್ಟ್ರಾನ್ ಕಿರಣ ಸಾಲು ಸಾಲಾಗಿ ಓದುತ್ತದೆ. ಪ್ರತಿ ಚುಕ್ಕೆ ಎಷ್ಟು ಬೆಳಗಿದೆ ಎಂಬುದಕ್ಕೆ ಒಂದು ಅಂಕಿ. ಆ ಅಂಕಿಗಳು ರೇಡಿಯೋದಲ್ಲಿ ಹೊರಟು ಗಂಟೆಗೂ ಮಿಕ್ಕಿ ಪ್ರಯಾಣ ಮಾಡಿ ಭೂಮಿಗೆ ಬರುತ್ತವೆ. ಇಲ್ಲಿ ಅಂಕಿಯನ್ನು ಮತ್ತೆ ಚುಕ್ಕೆ ಮಾಡುತ್ತಾರೆ. ಇನ್ನೊಂದು ಮಾತೂ ಅದರಲ್ಲಿತ್ತು: ಒಂದು ಚಿತ್ರ ಓದಿ ಮುಗಿದ ಮೇಲೆ ತಟ್ಟೆಯ ಮೇಲೆ ಅದರ ನೆರಳು ಉಳಿದಿರುತ್ತದೆ. ಹೊಸ ಚಿತ್ರಕ್ಕೆ ಮೊದಲು ತಟ್ಟೆಯ ತುಂಬ ಬೆಳಕು ಸುರಿದು ಹಳೆಯದನ್ನು ಪೂರ್ತಿ ಅಳಿಸಬೇಕು. ನನ್ನ ತಲೆಗೆ ಆ ಅನುಕೂಲ ಇಲ್ಲ.

ನಮ್ಮ ಶಾಲೆಯ ಸ್ಲೈಡ್ ಪ್ರೊಜೆಕ್ಟರನ್ನು ತಲೆಯ ಮೇಲೆ ಹೊತ್ತಂತೆಯೇ ಊರೂರು ತಿರುಗಿದೆ. ಹುನಗುಂದದ ಶಾಲೆಯಲ್ಲಿ ಕರೆಂಟು ಕೈ ಕೊಟ್ಟಿತು. ಮುಖ್ಯಾಧ್ಯಾಪಕರು ಸ್ಲೈಡುಗಳನ್ನು ಬಿಸಿಲಿಗೆ ಹಿಡಿದು ಸಾಲಿನಲ್ಲಿ ನಿಂತ ಹುಡುಗಿಯರಿಗೆ ಒಬ್ಬೊಬ್ಬರಿಗೇ ತೋರಿಸಿದರು. ಬದಾಮಿಯ ಶಾಲೆಯಲ್ಲಿ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಹಗಲನ್ನು ಹೊರಗೆ ನಿಲ್ಲಿಸಿದರು. ಅವ್ವನ ತವರು ಚೊಳಚಗುಡ್ಡ. ತವರಿಗೆ ಹೋಗುವ ನೆವದಲ್ಲಿ ಅವಳೂ ಅವತ್ತು ಬದಾಮಿಗೆ ಬಂದಿದ್ದಳು. ಹಿಂದಿನ ಬೆಂಚಿನಲ್ಲಿ ಕೂತು, ಹಾಸಿಗೆಯ ಚಾದರದ ಮೇಲೆ ಬಿದ್ದ ಗುರು ಗ್ರಹವನ್ನು ಬಾಯಿ ಬಿಟ್ಟು ನೋಡಿದಳು. ಮುಗಿದ ಮೇಲೆ ನನ್ನ ಹತ್ತಿರ ಬಂದು ಕೇಳಿದಳು:

"ಈ ಬಣ್ಣಾ ಯಾರ ಹಾಕಿದ್ರ?"

"ಬಣ್ಣಾ ಅಲ್ಲಿಂದ ಬರೂದಿಲ್ಲವ್ವ. ಕ್ಯಾಮೆರಾಕ್ಕ ಕಾಣೂದೆಲ್ಲ ಬೂದಿ ಬಣ್ಣ. ಕಿತ್ತಳಿ ಗಾಜು ಅಡ್ಡ ಇಟ್ಟು ಒಂದು, ಹಸರು ಗಾಜು ಇಟ್ಟು ಒಂದು, ನೀಲಿ ಇಟ್ಟು ಒಂದು, ಹಿಂಗ ಒಂದೇ ಮುಖಾನ ಮೂರು ಸರ್ತಿ ತಗೀತಾರ. ಆಮ್ಯಾಲೆ ಭೂಮಿ ಮ್ಯಾಲೆ ಕುಂತು ಮೂರನ್ನೂ ಕೂಡಸ್ತಾರ."

"ಯಾರ ಕೂಡಸ್ತಾರ?"

"ಹೆಸರ ಹಾಕಿಲ್ಲ."

"ಹಂಗಾರ ಹೆಣ್ಮಕ್ಕಳ ಇರಬೇಕು" ಅಂದಳು ಅವ್ವ, ನಗಲಿಲ್ಲ.

ಆ ವರ್ಷ ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಶಾಲೆಗಳ ವಿಜ್ಞಾನ ಪ್ರದರ್ಶನ ಏರ್ಪಾಡಾಗಿತ್ತು. ಸ್ಲೈಡುಗಳನ್ನು ಮದ್ರಾಸಿಗೆ ಮರಳಿಸುವ ದಿನ ಹತ್ತಿರ ಬಂದಿತ್ತು. ಅಷ್ಟರೊಳಗೆ ಅವುಗಳ ದೊಡ್ಡ ಪ್ರತಿಗಳನ್ನು ಮಾಡಿಸಿ ನಮ್ಮ ಹುಡುಗಿಯರ ಹೆಸರಿನಲ್ಲಿ ಗೋಡೆಗೆ ಹಾಕಬೇಕೆಂದುಕೊಂಡೆ. ಬಣ್ಣದ ಪ್ರಿಂಟು ನಮ್ಮ ಕಡೆ ಇನ್ನೂ ಕನಸು. ಅಪ್ಪ ಸ್ಲೈಡುಗಳನ್ನು ಕಪ್ಪು ಬಿಳುಪಿನಲ್ಲಿ ನಕಲು ತೆಗೆದು ಹಿಗ್ಗಿಸಿ ಕೊಡುವುದು, ಗುರು ಶನಿಗಳಿಗೆ ಅವ್ವ ಕೈಯಿಂದ ಬಣ್ಣ ಹಾಕುವುದು, ಉಪಗ್ರಹಗಳನ್ನು ಹಾಗೇ ಬೂದು ಬಣ್ಣದಲ್ಲಿ ಬಿಡುವುದು ಎಂದು ಗೊತ್ತಾಯಿತು. ಅಪ್ಪ ಒಪ್ಪಿದ. ಪ್ರತಿಯೊಂದರ ಮೂಲೆಯಲ್ಲಿ ಸ್ಟುಡಿಯೋದ ಮುದ್ರೆ ಇರಬೇಕು ಎಂಬುದೊಂದೇ ಅವನ ಕರಾರು.

ಶನಿವಾರ ಇಳಕಲ್ಲಿನಿಂದ ಬಸ್ಸು ಹತ್ತಿ ಅಮೀನಗಡದಲ್ಲಿ ಒಂದು ಪೊಟ್ಟಣ ಕರದಂಟು ಹಿಡಿದು ಮನೆಗೆ ಬಂದರೆ ಅವ್ವ ಮೇಜು ಬಿಟ್ಟು ಏಳಲಿಲ್ಲ. ಅವಳನ್ನು ಅಷ್ಟು ಖುಷಿಯಲ್ಲಿ ನಾನು ಕಂಡಿರಲಿಲ್ಲ. ಗುರುವಿನ ಪಟ್ಟಿಗಳಿಗೆ ಚಹಾದ ಕಷಾಯ, ಅರಿಷಿಣ, ಸ್ಟುಡಿಯೋದ ಬಣ್ಣ ಎಲ್ಲ ಕೂಡಿಸಿ ನೋಡುತ್ತಿದ್ದಳು. ಬಣ್ಣ ಹಚ್ಚಿದ ಮೇಲೆ ಸ್ಲೈಡನ್ನು ಕಿಟಕಿಗೆ ಹಿಡಿದು ಹೋಲಿಸುತ್ತಿದ್ದಳು. ಉಪಗ್ರಹವೊಂದರ ಮೈಯೆಲ್ಲ ಕುಣಿ ಕುಣಿ. ಅದನ್ನು ತೋರಿಸಿ, "ಈ ಸಿಡಬಿನ ಕುಣಿ ತುಂಬಲೋ, ಹಂಗ ಬಿಡಲೋ?" ಎಂದು ಕೇಳಿದಳು.

"ಅವು ಉಲ್ಕೆ ಬಡದ ಕುಣಿ. ಅವನ್ನ ಮುಟ್ಟಬ್ಯಾಡ."

"ಆತು, ಒಂದೂ ಮುಟ್ಟೂದಿಲ್ಲ."

ಅವತ್ತೇ ಅಪ್ಪನಿಗೂ ಅವಳು ಒಂದು ಮಾತು ಕೇಳಿದಳು. ಜೀವಮಾನದಲ್ಲಿ ಅವಳು ಬಾಯಿ ಬಿಟ್ಟು ಕೇಳಿದ್ದು ಅದೊಂದೇ ಎಂದು ತೋರುತ್ತದೆ. "ಪ್ರದರ್ಶನಕ್ಕ ಕ್ಯಾಮೆರಾ ತರ್ತೀರಲ್ಲ, ಈ ಚಿತ್ರದ ಬಾಜೂಕ ನಿಲ್ಲಿಸಿ ನಂದೊಂದು ತಗೀರಿ" ಅಂದಳು. ಅಪ್ಪನ ಮನಸ್ಸು ಅವತ್ತು ಚೆನ್ನಾಗಿತ್ತು. "ಆತ, ತಗಿಯೋಣು. ರೋಲ್ ಹಾಕಿದ ಕೂಡ್ಲೆ ಮೊದಲನೇದು ನಿಂದೇ" ಅಂದ. ಕೊನೆಯದಲ್ಲ, ಮೊದಲನೆಯದು. ಅವ್ವ ನನ್ನ ಕಡೆ ನೋಡಿದಳು. ನಾನು ಕರದಂಟು ಮುರಿದು ಅವಳ ಬಾಯಿಗಿಟ್ಟೆ.

ಪ್ರದರ್ಶನದ ದಿನ ನಾನು ಹುಡುಗಿಯರನ್ನು ಕರೆದುಕೊಂಡು ಇಳಕಲ್ಲಿನಿಂದ ನೇರ ಕಾಲೇಜಿಗೆ ಬಂದೆ. ಅಪ್ಪ ಚಿತ್ರಗಳನ್ನು ಸುರುಳಿ ಸುತ್ತಿ ತಂದಿದ್ದ. ಗಡಿಬಿಡಿಯಲ್ಲಿ ಅವನ್ನು ಗೋಡೆಗೆ ಹೊಡೆದೆವು. ಬಣ್ಣದ ಗುರು, ಬಣ್ಣದ ಶನಿ ನೋಡಲು ಜನ ಮುಗಿಬಿದ್ದರು. ಅವ್ವ ಮದುವೆಯ ದಿನಗಳ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಕುಂಕುಮ ಇಟ್ಟುಕೊಂಡು, ಕೈಯಲ್ಲಿ ಏನು ಹಿಡಿದುಕೊಳ್ಳಬೇಕೋ ತಿಳಿಯದೆ ಗೋಡೆಯ ಬದಿಗೆ ನಿಂತಿದ್ದಳು. ಅಪ್ಪ ಕ್ಯಾಮೆರಾದ ಕಾಲುಗಳನ್ನು ಊರಿ ದೂರ ಸರಿಮಾಡುತ್ತಿದ್ದ. ಅಷ್ಟರಲ್ಲಿ ತೀರ್ಪುಗಾರರು ಬಂದರು.

ಅವರು ಭೌತಶಾಸ್ತ್ರದ ಪ್ರಾಧ್ಯಾಪಕರು, ದಕ್ಷಿಣದ ಕಡೆಯವರು. ನಾನು ಕೋಲು ಹಿಡಿದು ವಿವರಿಸತೊಡಗಿದೆ. ಕೊಳವೆ, ತಟ್ಟೆ, ಸಾಲು, ಅಂಕಿ, ಎಲ್ಲ ಹೇಳಿದೆ. ಅವರು ಮೆಚ್ಚಿ ಹೂಂಗುಟ್ಟಿದರು. ಆಮೇಲೆ ಕುಣಿ ಕುಣಿಯ ಉಪಗ್ರಹದ ಮುಂದೆ ಬಂದು ನಾನು ಬಹಳ ಹೆಮ್ಮೆಯಿಂದ ತಯಾರಿ ಮಾಡಿಕೊಂಡಿದ್ದ ಮಾತು ಶುರು ಮಾಡಿದೆ. "ಕಿರಣ ಓದುವಾಗ ಚಿತ್ರ ಅಲ್ಲಲ್ಲಿ ಎಳೆದಂತೆ ಸೊಟ್ಟಾಗುತ್ತದೆ. ಅದನ್ನು ಕಂಡುಹಿಡಿಯಲು ಕ್ಯಾಮೆರಾದ ಗಾಜಿನ ಮೇಲೆಯೇ ಸಣ್ಣ ಕಪ್ಪು ಚುಕ್ಕೆಗಳನ್ನು ಸಾಲಾಗಿ ಕೊರೆದಿರುತ್ತಾರೆ. ಚುಕ್ಕೆ ತನ್ನ ಜಾಗದಿಂದ ಎಷ್ಟು ಸರಿದಿದೆಯೋ ಚಿತ್ರ ಅಲ್ಲಿ ಅಷ್ಟು ಸೊಟ್ಟ. ಆ ಚುಕ್ಕೆಗಳು ಈ ಚಿತ್ರದಲ್ಲಿ ಎದ್ದು ಕಾಣುತ್ತವೆ, ನೋಡಿ" ಎಂದು ಕೋಲು ಎತ್ತಿದೆ.

ಒಂದು ಚುಕ್ಕೆಯೂ ಇರಲಿಲ್ಲ.

ಕೋಲು ಗಾಳಿಯಲ್ಲಿ ನಿಂತಿತು. ಉಪಗ್ರಹದ ಕುಣಿಗಳೆಲ್ಲ ಇದ್ದವು, ಒಂದನ್ನೂ ಮುಟ್ಟಿರಲಿಲ್ಲ. ಅವುಗಳ ನಡುವೆ ಚುಕ್ಕೆಗಳಿದ್ದ ಜಾಗ ಮಾತ್ರ ನೆರೆಯ ಬೂದು ಬಣ್ಣದಲ್ಲಿ ನಯವಾಗಿ ಸೇರಿಹೋಗಿತ್ತು. ಕುಣಿಗಳ ಬಗ್ಗೆ ಅವ್ವ ಕೇಳಿದ್ದಳು. ಚುಕ್ಕೆಗಳ ಬಗ್ಗೆ ಕೇಳುವುದೇನಿದೆ? ಚಿತ್ರದ ಮೇಲಿನ ಕಪ್ಪು ಚುಕ್ಕೆ ಎಂದರೆ ಧೂಳು. ಮದುವೆಯಾಗಿ ಬಂದ ದಿನದಿಂದ ಅವಳು ಧೂಳು ತೆಗೆಯುತ್ತ ಬಂದಿದ್ದಳು.

"ಯಾರು ತಿದ್ದಿದ್ದು ಇದನ್ನು?" ಪ್ರಾಧ್ಯಾಪಕರು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಅವರ ಕಣ್ಣು ಮೂಲೆಯ ಮುದ್ರೆಯ ಮೇಲೆ ಬಿತ್ತು. "ಓ, ಸ್ಟುಡಿಯೋ ಕೆಲಸವೋ? ನೋಡಿ, ವಿಜ್ಞಾನಕ್ಕೆ ಸುಂದರವಾದ ಮುಖ ಬೇಕಾಗಿಲ್ಲ, ನಿಜವಾದ ಮುಖ ಬೇಕು. ಮದುವೆ ಫೋಟೋ ತಿದ್ದಿದ ಹಾಗೆ ತಿದ್ದಿದ್ದೀರಲ್ಲ. ಇದು ಕ್ಯಾಲೆಂಡರು. ಇಳಿಸಿಬಿಡಿ." ಜೊತೆಗಿದ್ದವರು ನಕ್ಕರು. ಮಕ್ಕಳೂ ನಕ್ಕರು. ಗೋಡೆಯ ಆ ಜಾಗವನ್ನು ಇನ್ನೊಂದು ಶಾಲೆಯ ಜ್ವಾಲಾಮುಖಿಗೆ ಕೊಟ್ಟರು. ಅಡಿಗೆ ಸೋಡಾ ಹಾಕಿ ನೊರೆ ಬರಿಸುವ ಜ್ವಾಲಾಮುಖಿ. ಅದು ನಿಜವಾದ ಮುಖವಂತೆ.

ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟೇನಲ್ಲ. ಅವರು ಹೊರಗಿನವರು. ಅಪ್ಪ ಏನು ಮಾಡಿದ ಎಂಬುದು ನನ್ನ ಎದೆಯಲ್ಲಿ ಇನ್ನೂ ಕೂತಿದೆ. ಕ್ಯಾಮೆರಾದ ಹಿಂದಿನಿಂದ ಎದ್ದು ಬಂದು, ಅಷ್ಟು ಜನರ ಎದುರಿಗೆ ಅವ್ವನಿಗೆ, "ಮಾಡಿಟ್ಟೆಲ್ಲ ಹೊಲಸು! ನನ್ನ ಮುದ್ರಿಗೆ ಮಸಿ ಬಳದಿ. ಇದರ ಬಾಜೂಕ ನಿಂತು ಫೋಟೋ ಬ್ಯಾರೆ ಬೇಕಾಗೈತೇನು ನಿನಗ?" ಅಂದ. ಊರೆಲ್ಲ ಹೊಗಳುವಾಗ ಕೈ ಅವನದಾಗಿತ್ತು. ತಪ್ಪು ಬಂದ ಕೂಡಲೇ ಕೈ ಅವಳದಾಯಿತು. ಕ್ಯಾಮೆರಾದ ಕಾಲುಗಳನ್ನು ಎತ್ತಿಕೊಂಡು ಹೋಗಿ ಪ್ರಾಚಾರ್ಯರ ಮುಂದೆ ಊರಿದ. ರೋಲಿನ ಮೊದಲನೆಯದು ಪ್ರಾಚಾರ್ಯರದಾಯಿತು, ಎರಡನೆಯದು ಆ ತೀರ್ಪುಗಾರರದು, ಆಮೇಲೆ ಬಹುಮಾನದವರು, ಜ್ವಾಲಾಮುಖಿ. ಅವ್ವ ಬಾಗಿಲ ಹತ್ತಿರ ಸುರುಳಿಗಳನ್ನು ಮಗುವಿನ ಹಾಗೆ ತೋಳಿನಲ್ಲಿ ಇಟ್ಟುಕೊಂಡು ಎಲ್ಲ ಮುಗಿಯುವತನಕ ನಿಂತಿದ್ದಳು.

ಮನೆಗೆ ನಾವಿಬ್ಬರೇ ನಡೆದೆವು. ಓಣಿಯ ತಿರುವಿನಲ್ಲಿ ಅವಳು ಬಾಯಿ ಬಿಟ್ಟಳು.

"ಧೂಳ ಅನ್ಕೊಂಡೆ. ಅಷ್ಟು ಸಾಲಾಗಿ ಧೂಳ ಕೂಡೂದಿಲ್ಲ ಅಂತ ತಿಳೀಬೇಕಾಗಿತ್ತು ನನಗ."

"ನಿನಗ ಯಾರೂ ಹೇಳಿರಲಿಲ್ಲ ಬೇ."

"ಅಂದ್ರ ಅವ್ರು ಬೇಕಂತನ ಚುಕ್ಕಿ ಹಾಕ್ಯಾರ? ಮುಖ ಸೊಟ್ಟಾದ್ರ ಗೊತ್ತಾಗ್ಲಿ ಅಂತ?"

"ಹೂಂ."

"ಚಲೋ ಮಾಡ್ಯಾರ" ಅಂದಳು. ಮನೆಗೆ ಬಂದು ಸೀರೆ ಬದಲಿಸಿ, ಮಡಚಿ, ಟ್ರಂಕಿನಲ್ಲಿಟ್ಟು ರೊಟ್ಟಿಗೆ ಹಿಟ್ಟು ನಾದಿದಳು. ಫೋಟೋದ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಅಪ್ಪನೂ ಎತ್ತಲಿಲ್ಲ. ನಾನು ಎತ್ತಿದಾಗಲೆಲ್ಲ ಅವ್ವ ಕಣ್ಣಿನಲ್ಲೇ ಬೇಡ ಅನ್ನುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಧಾರವಾಡದಲ್ಲಿ ಒಂದು ತರಬೇತಿಗೆ ಹೋದಾಗ ಈ ಕ್ಯಾಮೆರಾಗಳ ಬಗ್ಗೆ ಒಂದು ದಪ್ಪ ಪುಸ್ತಕ ಸಿಕ್ಕಿತು. ಅದರಲ್ಲಿ ಬರೆದದ್ದನ್ನು ಓದಿ ಗ್ರಂಥಾಲಯದಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟೆ. ಆ ಚುಕ್ಕೆಗಳು ಅಳತೆಗೆ ಮಾತ್ರವಂತೆ. ಅಳತೆಯ ಕೆಲಸ ಮುಗಿದ ಮೇಲೆ ಕಂಪ್ಯೂಟರಿನಿಂದ ಅವನ್ನು ಅಳಿಸಿ, ಅಕ್ಕಪಕ್ಕದ ಬೂದು ಬಣ್ಣ ನೋಡಿ ಆ ಜಾಗ ತುಂಬಿ, ಆಮೇಲೆ ಚಿತ್ರವನ್ನು ಲೋಕಕ್ಕೆ ಕೊಡುತ್ತಾರಂತೆ. ನನಗೆ ಬಂದಿದ್ದ ಆ ಒಂದು ಸ್ಲೈಡು ಮಾತ್ರ ತಿದ್ದುವ ಮೊದಲಿನದಾಗಿತ್ತು. ಪತ್ರಿಕೆ, ಪುಸ್ತಕ, ಆ ಪ್ರಾಧ್ಯಾಪಕರ ಕೋಣೆಯ ಗೋಡೆ, ಎಲ್ಲ ಕಡೆ ಇದ್ದದ್ದು ತಿದ್ದಿದ ಮುಖಗಳೇ. ಅವ್ವನಿಗೆ ಹೇಳಿದೆ. ಅವಳು ಕುಂಚ ಕೆಳಗಿಟ್ಟು, "ಹೌದಾ? ಇದನ್ನ ನಿಮ್ಮಪ್ಪಗ ಹೇಳು" ಅಂದಳು. ಪರದೆಯಾಚೆ ಹೋಗಿ ಹೇಳಿದೆ. ಅಪ್ಪ ಲೆನ್ಸು ಒರೆಸುತ್ತ, "ಈಗ್ಯಾಕ ಅದು?" ಅಂದ. ಪರದೆ ತೆಳ್ಳಗಿನದು, ಅವ್ವನಿಗೆ ಕೇಳಿಸಿರಬೇಕು.

ಯುರೇನಸ್ಸಿನ ಚಿತ್ರಗಳು ಬಂದ ವರ್ಷ ಅವ್ವನಿಗೆ ಉಬ್ಬಸ ಶುರುವಾಗಿತ್ತು. ಎದುರಿಗೆ ಕೂತು ಪತ್ರಿಕೆ ಓದಿ ಹೇಳುತ್ತಿದ್ದೆ. ಅಷ್ಟು ದೂರದಲ್ಲಿ ಸೂರ್ಯನ ಬೆಳಕು ಚೂರೇ ಚೂರು. ಅದಕ್ಕೆ ಕ್ಯಾಮೆರಾದ ಬಾಗಿಲನ್ನು ಬಹಳ ಹೊತ್ತು ತೆರೆದಿಡಬೇಕು. ಆದರೆ ನೌಕೆ ಓಡುತ್ತಲೇ ಇರುತ್ತದೆ, ಚಿತ್ರ ಕಲಸಿಹೋಗುತ್ತದೆ. ಅದಕ್ಕೇನು ಮಾಡಿದರು ಗೊತ್ತೇ? ಬಾಗಿಲು ತೆರೆದಿರುವಷ್ಟು ಹೊತ್ತು ನೌಕೆ ತನ್ನ ಇಡೀ ಮೈಯನ್ನೇ ಮೆಲ್ಲಗೆ ತಿರುಗಿಸುತ್ತ, ನೋಡಬೇಕಾದದ್ದರ ಮೇಲಿನಿಂದ ದೃಷ್ಟಿ ಕೀಳದ ಹಾಗೆ ಮಾಡಿದರು. ಅವ್ವ ಕೇಳಿ, "ಒಂದು ಫೋಟೋಕ್ಕ ಅಷ್ಟು ಮಾಡಿದ್ರಾ?" ಅಂದಳು. ಪರದೆಯಾಚೆ ಅಪ್ಪ ಯಾರಿಗೋ ಗದ್ದ ಎತ್ತಲು ಹೇಳುತ್ತಿದ್ದ.

ಮಳೆಗಾಲಕ್ಕೆ ಮೊದಲೇ ಅವ್ವ ಹೋದಳು. ಇಳಕಲ್ಲಿನಿಂದ ನಾನು ಬರುವಷ್ಟರಲ್ಲಿ ನಮ್ಮವರ ಪದ್ಧತಿಯಂತೆ ಅವಳನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ, ಕೊರಳಿಗೆ ಹೂವು, ಮೈಮೇಲೆ ಅದೇ ಇಳಕಲ್ ಸೀರೆ. ಹೀಗೆ ಕೂಡಿಸಿದವರ ಫೋಟೋ ತೆಗೆಸುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದ್ದದ್ದೇ. ಎಷ್ಟೋ ಜನರಿಗೆ ಜೀವಮಾನದ ಒಂದೇ ಫೋಟೋ ಅದು. ಅಪ್ಪ ಕ್ಯಾಮೆರಾ ಊರಿ ನಿಂತಿದ್ದ. ಎದುರಿನಿಂದ ಒಂದು, ಬಲದಿಂದ ಒಂದು, ಹತ್ತಿರದಿಂದ ಒಂದು, ನಮ್ಮನ್ನೆಲ್ಲ ಹಿಂದೆ ನಿಲ್ಲಿಸಿ ಒಂದು. ದೀಪ ಸರಿಸಿದ, ಸೆರಗಿನ ನೆರಿಗೆ ಬಿಡಿಸಿದ, ಗದ್ದದ ಕೆಳಗೆ ಬಟ್ಟೆಯ ಸುರುಳಿ ಇಟ್ಟು ಮುಖ ಎತ್ತಿದ. ರೋಲು ಪೂರ್ತಿ ಮುಗಿಸಿ ಇನ್ನೊಂದನ್ನು ಹಾಕಿದ. ಅಳುತ್ತಿದ್ದ, ಅದನ್ನೂ ಹೇಳಬೇಕು. ಅಳುತ್ತ ಅಳುತ್ತಲೇ ಫೋಕಸ್ ಮಾಡುತ್ತಿದ್ದ. ನನಗೆ ಅವನನ್ನು ಆ ಕ್ಯಾಮೆರಾ ಸಮೇತ ಅಂಗಳಕ್ಕೆ ನೂಕಬೇಕೆನಿಸಿತು.

ಅವ್ವನ ಹೆಸರಿನಲ್ಲಿ ಮಂದಿಗೆ ಊಟ ಹಾಕುವ ಶಿವಗಣಾರಾಧನೆಯ ದಿನ ಗೋಡೆಗೆ ಹಾಕಲು ಫೋಟೋ ತಯಾರಾಗಬೇಕಿತ್ತು. ಕೂಡಿಸಿದವರ ಫೋಟೋವನ್ನು ನಮ್ಮಲ್ಲಿ ಇದ್ದ ಹಾಗೇ ತೂಗುಹಾಕುವುದಿಲ್ಲ. ಮುಚ್ಚಿದ ರೆಪ್ಪೆಯ ಮೇಲೆ ಕುಂಚದಿಂದ ಕಣ್ಣು ಬರೆದು, ಜೀವಂತ ಕೂತಂತೆ ಮಾಡಿ ಕೊಡಬೇಕು. ಕಣ್ಣು ತೆರೆಸುವುದು ಎನ್ನುತ್ತಾರೆ. ಕೆರೂರು, ಹುನಗುಂದ, ಕೂಡಲಸಂಗಮದ ಕಡೆಯ ಹಳ್ಳಿಗಳಿಂದೆಲ್ಲ ಆ ಕೆಲಸ ನಮ್ಮ ಸ್ಟುಡಿಯೋಕ್ಕೆ ಬರುತ್ತಿತ್ತು, ಪರದೆಯ ಹಿಂದೆ ಅವ್ವ ಮಾಡುತ್ತಿದ್ದಳು. ಸತ್ತವರ ಮಗಳನ್ನೋ ಹೆಂಡತಿಯನ್ನೋ ಹತ್ತಿರ ಕೂಡಿಸಿಕೊಂಡು, ಕಣ್ಣು ದೊಡ್ಡವಿದ್ದವೋ ಸಣ್ಣವಿದ್ದವೋ, ನಗುವಾಗ ಮುಚ್ಚುತ್ತಿದ್ದವೋ ಎಂದು ಕೇಳಿ ಕೇಳಿ ಬರೆಯುತ್ತ, ಅವರು ಅಳು ನಿಲ್ಲಿಸುವತನಕ ಕಾಯುತ್ತಿದ್ದಳು.

ಅವತ್ತು ಮಧ್ಯಾಹ್ನ ಹೋಗಿ ನೋಡಿದರೆ ಅಪ್ಪ ಅವ್ವನ ಮೇಜಿನ ಮುಂದೆ ಕೂತಿದ್ದ. ಎದುರಿಗೆ ಅವ್ವನ ದೊಡ್ಡ ಪ್ರಿಂಟು. ಕೈಯಲ್ಲಿ ಅವಳ ಕುಂಚ, ತುದಿಯಲ್ಲಿ ಬಣ್ಣ. ರೆಪ್ಪೆಗಳು ಮುಚ್ಚಿಯೇ ಇದ್ದವು. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದನೋ. ನನ್ನ ಹೆಜ್ಜೆಯ ಸಪ್ಪಳಕ್ಕೆ ತಲೆ ಎತ್ತಿ ಕೇಳಿದ:

"ಆಕೀ ಕಣ್ಣು ಹ್ಯಾಂಗಿದ್ವವ್ವಾ? ಕರಿವಿದ್ವೋ, ಕಂದು ಇದ್ವೋ?"

ನಾನು ಅವನನ್ನೇ ನೋಡಿದೆ. ಊರ ಮುಖಗಳನ್ನೆಲ್ಲ ಕ್ಯಾಮೆರಾದ ಗಾಜಿನಲ್ಲಿ ತಲೆಕೆಳಗಾಗಿ ನೋಡಿ ಗುರುತು ಹಿಡಿಯುತ್ತಿದ್ದ ಮನುಷ್ಯ.

"ಜನ್ಮ ಪೂರ್ತಿ ನಿನ್ನ ಎದುರಿಗೇ ಇದ್ವಲ್ಲಪ್ಪ" ಅಂದೆ.

ಅಪ್ಪ ಪ್ರಿಂಟಿನ ಮೇಲೆ ಕೈಯಿಟ್ಟು, ಸುಳ್ಳು ಹೇಳಲಿಲ್ಲ. "ನೋಡಿಲ್ಲವ್ವಾ" ಅಂದ. "ಆಕಿ ಯಾವಾಗ್ಲೂ ತೆಳಗ ನೋಡ್ಕೋತ ಕೆಲಸಾ ಮಾಡ್ತಿದ್ಲು."

ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಅವನು ಇನ್ನೊಮ್ಮೆ ಕೇಳಿದ, ಆಗಲೂ ಹೇಳಲಿಲ್ಲ. ಕುಂಚದ ತುದಿಯ ಬಣ್ಣ ಒಣಗಿತು. ಫೋಟೋಕ್ಕೆ ಹಾಗೆಯೇ ಚೌಕಟ್ಟು ಹಾಕಿಸಿ ತೂಗುಹಾಕಿದೆವು. ಆರಾಧನೆಗೆ ಬಂದವರೆಲ್ಲ, ಫೋಟೋದವರ ಮನೆಯಲ್ಲೇ ಕಣ್ಣು ಯಾಕೆ ತೆರೆಸಿಲ್ಲ ಎಂದು ಕೇಳಿದರು. ಅಪ್ಪ ಊಟ ಬಡಿಸುವವರ ಕಡೆ ಹೋಗಿ ನಿಂತುಕೊಂಡ.